ಪಾರ್ಕ್ ಪ್ಲ್ಯಾನ್‌ನಲ್ಲಿ ಬಡಾವಣೆಯವರ ಮಾತೂ ಸೇರಬೇಕು, ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಕ್ಷಿಣದಲ್ಲಿ ನಮ್ಮ ಬಡಾವಣೆಯ ಪಾರ್ಕ್‌ನಲ್ಲಿ "ಅಭಿವೃದ್ಧಿ" ಶುರುವಾಗಿದೆ. ಹೋದ ವಾರ ಹಳೇ ಹೊಂಗೆ ಮರದ ಬುಡಕ್ಕೇ ಒತ್ತಿ ಇಂಟರ್‌ಲಾಕ್ ಕಲ್ಲು ಹಾಸಿಬಿಟ್ಟಿದ್ದಾರೆ, ನೀರು ಇಂಗೋಕೆ ಒಂದು ಗೇಣು ಮಣ್ಣೂ ಬಿಟ್ಟಿಲ್ಲ. ಕೇಳಿದ್ರೆ ಮೇಸ್ತ್ರಿ "ಡ್ರಾಯಿಂಗ್‌ನಲ್ಲಿ ಹಂಗೇ ಇದೆ ಸಾರ್" ಅಂತಾರೆ. ಆ ಡ್ರಾಯಿಂಗ್ ನಾವ್ಯಾರೂ ನೋಡಿಲ್ಲ.

ಕೆಲಸ ನಿಲ್ಲಿಸಿ ಅಂತಿಲ್ಲ (ಟಾಯ್ಲೆಟ್ ರಿಪೇರಿ ಆಗ್ಲೇಬೇಕು, ಅದು ಬೇರೆ ಕಥೆ). ಮುಂದಿನ ಹತ್ತು ವರ್ಷ ಈ ಜಾಗ ಹೇಗಿರಬೇಕು ಅನ್ನೋದನ್ನ ದಿನಾ ಬಳಸೋರನ್ನೂ ಕೂರಿಸ್ಕೊಂಡು ತೀರ್ಮಾನ ಮಾಡಲಿ, ಅಷ್ಟೆ. 2021ರಲ್ಲಿ ತುರಹಳ್ಳಿ ಕಾಡಲ್ಲಿ ಟ್ರೀ ಪಾರ್ಕ್ ಮಾಡೋಕೆ ಹೊರಟಾಗ ಜನ ಪ್ರತಿಭಟನೆಗೆ ಇಳಿಯಬೇಕಾಯ್ತು. ನಮ್ಮಲ್ಲಿ ಅಲ್ಲಿವರೆಗೂ ಹೋಗೋದು ಬೇಡ.

ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ 1985ರ ರಾಜ್ಯ ಕಾಯ್ದೆ ಇರೋದು ಗೊತ್ತು. ನಕ್ಷೆ, ಎಸ್ಟಿಮೇಟ್ ಕೇಳಿ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿದ್ದೀನಿ. ಉತ್ತರ ಕೊಡೋಕೆ 30 ದಿನ ಇದೆ, ಅಷ್ಟರಲ್ಲಿ ಕಲ್ಲು ಹಾಸಿ ಮುಗಿದಿರುತ್ತೆ!

ವಾರ್ಡ್ ಸಮಿತಿ ಸಭೆಯಲ್ಲಿ ಇಂಥ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿದೋರು ಯಾರಾದ್ರೂ ಇದ್ದೀರಾ? ಮನವಿ ಪತ್ರದ ಮಾದರಿ ಇದ್ರೆ ದಯವಿಟ್ಟು ಹಾಕಿ. ಗಿಡಮರ, ಹಕ್ಕಿ ಗುರುತಿಸೋಕೆ ಬರೋರು ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡ್ಕೊಂಡ್ರೆ ಪಟ್ಟಿ ಮಾಡಿ ಮನವಿ ಜೊತೆ ಲಗತ್ತಿಸಬಹುದು. ಫಿಲ್ಟರ್ ಕಾಫಿ ನಮ್ಮನೇದು.