ಕ್ರೀಡಾ ನಿರ್ವಹಣೆಯಲ್ಲಿ ವೃತ್ತಿ: ಓದುವಾಗಲೇ ಏನನ್ನು ಕಲಿತಿರಬೇಕು?

ಪ್ರಶ್ನೆ (ವಾಣಿಜ್ಯ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ)

ಶಾಲಾ ದಿನಗಳಿಂದಲೂ ವಾಲಿಬಾಲ್ ಆಡುತ್ತ ಬಂದಿದ್ದೇನೆ. ಆಟಗಾರ್ತಿಯಾಗಿ ಮೇಲಿನ ಹಂತಕ್ಕೆ ಹೋಗುವ ಸಾಧ್ಯತೆ ಇಲ್ಲವಾದರೂ ಕ್ರೀಡಾ ಕ್ಷೇತ್ರದಲ್ಲಿಯೇ ಉಳಿಯಬೇಕೆಂಬ ಆಸೆ ಬಲವಾಗಿದೆ. ಕ್ರೀಡಾ ನಿರ್ವಹಣೆಯ ಸ್ನಾತಕೋತ್ತರ ಕೋರ್ಸುಗಳ ಪಠ್ಯಕ್ರಮದಲ್ಲಿ ಮಾರ್ಕೆಟಿಂಗ್, ಕಾನೂನು, ಹಣಕಾಸು, ಕ್ರೀಡಾಂಗಣ ನಿರ್ವಹಣೆ ಎಲ್ಲವೂ ಸ್ವಲ್ಪ ಸ್ವಲ್ಪ ಇವೆ. ಇವುಗಳಲ್ಲಿ ಯಾವುದನ್ನು ಆಳವಾಗಿ ಕಲಿಯಬೇಕು? ಪದವಿ ಅನಿವಾರ್ಯವೇ, ಅಥವಾ ಅನುಭವವೇ ಸಾಕಾಗುತ್ತದೆಯೇ?

ಉತ್ತರ 1 (ಪಂದ್ಯಾವಳಿ ಆಯೋಜನೆಯ ವಿಭಾಗದಲ್ಲಿರುವವರು)

ಆಟದ ಮೇಲಿನ ಪ್ರೀತಿ ಈ ಕ್ಷೇತ್ರಕ್ಕೆ ಬರುವ ಎಲ್ಲರಲ್ಲೂ ಇರುವುದರಿಂದ ಸಂದರ್ಶನದಲ್ಲಿ ಅದಕ್ಕೆ ಪ್ರತ್ಯೇಕ ಬೆಲೆ ಸಿಗುವುದಿಲ್ಲ. ಪಂದ್ಯ ನಡೆಯುವ ಹೊತ್ತಿನಲ್ಲಿ ನಾವು ಪಂದ್ಯವನ್ನು ನೋಡುವುದೇ ಅಪರೂಪ. ನಮ್ಮ ಕೈಯಲ್ಲಿ ನಿಮಿಷ ನಿಮಿಷದ ಕಾರ್ಯಸೂಚಿ ಇರುತ್ತದೆ: ಗೇಟುಗಳು ತೆರೆಯುವುದು ಎಷ್ಟು ಗಂಟೆಗೆ, ವೈದ್ಯಕೀಯ ತಂಡ ಯಾವ ಬಾಗಿಲ ಬಳಿ ನಿಲ್ಲಬೇಕು, ನೇರಪ್ರಸಾರದವರು ಕೊಟ್ಟ ಸಮಯಕ್ಕೆ ಸರಿಯಾಗಿ ತಂಡಗಳನ್ನು ಅಂಕಣಕ್ಕೆ ಕರೆತರುವವರು ಯಾರು. ಪ್ರತಿ ಸಾಲಿನ ಎದುರಿಗೂ ಒಬ್ಬರ ಹೆಸರು ಇರಲೇಬೇಕು, ಏಕೆಂದರೆ ಎಲ್ಲರಿಗೂ ಸೇರಿದ ಕೆಲಸವನ್ನು ಕೊನೆಗೆ ಯಾರೂ ಮಾಡಿರುವುದಿಲ್ಲ.

ಈ ಬಗೆಯ ಎಚ್ಚರ ಏಕೆ ಬೇಕೆಂಬುದನ್ನು ತಿಳಿಯಲು 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೊ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದ ದುರಂತದ ಬಗ್ಗೆ ಓದಿ. ಹೊರಗಿನ ನೂಕುನುಗ್ಗಲನ್ನು ತಗ್ಗಿಸಲು ದೊಡ್ಡದೊಂದು ಗೇಟನ್ನು ತೆರೆಯಲಾಯಿತು. ಆದರೆ ಆಗಲೇ ತುಂಬಿಹೋಗಿದ್ದ ಬೇಲಿ ಹಾಕಿದ ನಡುವಿನ ವಿಭಾಗಗಳಿಗೆ ಹೋಗುವ ಸುರಂಗ ದಾರಿಯನ್ನು ಮುಚ್ಚಿರಲಿಲ್ಲ. ಅಕ್ಕಪಕ್ಕದ ವಿಭಾಗಗಳಲ್ಲಿ ಜಾಗವಿದ್ದರೂ ಜನ ನಡುಭಾಗಕ್ಕೇ ಹೋದರು. ಒಟ್ಟು 97 ಮಂದಿ ಪ್ರಾಣ ಕಳೆದುಕೊಂಡರು. ಜನರ ಸುರಕ್ಷತೆಯನ್ನು ಒಂದು ಪರೀಕ್ಷೆಯ ಅಧ್ಯಾಯವೆಂದು ಓದಿ ಮುಗಿಸುವವರು ಈ ಕೆಲಸಕ್ಕೆ ಬರಬಾರದೆಂದು ನಾನು ದೃಢವಾಗಿ ನಂಬಿದ್ದೇನೆ.

ಸ್ವಯಂಸೇವಕಿಯಾಗಿ ಸೇರುವ ಅವಕಾಶ ಸಿಕ್ಕಾಗ ಆಟಗಾರರ ಹತ್ತಿರವಿರುವ ಜಾಗವನ್ನು ಕೇಳಬೇಡಿ. ಗೇಟಿನಲ್ಲಿ ಅಥವಾ ಗುರುತಿನ ಚೀಟಿ ಕೊಡುವ ವಿಭಾಗದಲ್ಲಿ ಕೆಲಸ ಕೇಳಿ. ಯಾರು ಎಲ್ಲಿಯವರೆಗೆ ಹೋಗಬಹುದು, ಯಾರನ್ನು ಎಲ್ಲಿ ತಡೆಯಬೇಕು ಎಂಬುದನ್ನು ಅರಿತರೆ ಇಡೀ ಪಂದ್ಯಾವಳಿಯ ರಚನೆಯೇ ಅರ್ಥವಾಗುತ್ತದೆ.

ಉತ್ತರ 2 (ಪ್ರಾಯೋಜಕತ್ವ ಮತ್ತು ಒಪ್ಪಂದಗಳ ಕೆಲಸದಲ್ಲಿರುವವರು)

ಮೇಲಿನ ಮಾತಿಗೆ ನನ್ನ ಸಮ್ಮತಿಯಿದೆ. ಆದರೆ ನೀವು ವಾಣಿಜ್ಯದ ವಿದ್ಯಾರ್ಥಿನಿಯಾದ್ದರಿಂದ ಹಣ ಮತ್ತು ಒಪ್ಪಂದದ ಕಡೆಗೆ ಹೆಚ್ಚು ಗಮನ ಕೊಡಿ ಎನ್ನುತ್ತೇನೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಉಳಿಸಿಹೋದ ಸಾಲ ತೀರಿದ್ದು 2006ರಲ್ಲಿ. ಅದೇ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್, ಪೀಟರ್ ಯೂಬರಾತ್ ಅವರ ನೇತೃತ್ವದಲ್ಲಿ, 20 ಕೋಟಿ ಡಾಲರಿಗೂ ಮೀರಿದ ಉಳಿತಾಯವನ್ನು ತೋರಿಸಿತು. ಹೊಸ ಕಟ್ಟಡಗಳಿಗೆ ಹಣ ಸುರಿಯದೆ, 1932ರ ಒಲಿಂಪಿಕ್ಸ್ ನಡೆದಿದ್ದ ಕ್ರೀಡಾಂಗಣವೂ ಸೇರಿದಂತೆ ಬಹುಪಾಲು ಇದ್ದ ಸೌಕರ್ಯಗಳನ್ನೇ ಬಳಸಿದರು. ಪ್ರಾಯೋಜಕರ ಸಂಖ್ಯೆಯನ್ನು ಇಳಿಸಿ, ಒಂದು ಬಗೆಯ ಉತ್ಪನ್ನಕ್ಕೆ ಒಂದೇ ಕಂಪನಿ ಎಂಬ ನಿಯಮದಿಂದ ಪ್ರತಿಯೊಂದು ಹಕ್ಕಿನ ಬೆಲೆಯನ್ನು ಏರಿಸಿದರು. ಆ ಏಕಸ್ವಾಮ್ಯವನ್ನು ಮೈದಾನದಲ್ಲಿ ಕಾಪಾಡುವುದು ನಿತ್ಯದ ಕೆಲಸ: ಪಂದ್ಯದ ಹಿಂದಿನ ದಿನ ಒಪ್ಪಂದದ ಪ್ರತಿ ಹಿಡಿದು ಜಾಹೀರಾತು ಫಲಕಗಳನ್ನು ಒಂದೊಂದಾಗಿ ಪರಿಶೀಲಿಸುತ್ತ, ನೀರಿನ ಬಾಟಲಿಯ ಮೇಲಿನ ಬೇರೊಂದು ಕಂಪನಿಯ ಚೀಟಿಯನ್ನೂ ಬಿಡದೆ ತೆಗೆಸುತ್ತೇವೆ.

ಕಾನೂನನ್ನು ಕಡೆಗಣಿಸಬೇಡಿ. ಬೆಲ್ಜಿಯಂನ ಫುಟ್‌ಬಾಲ್ ಆಟಗಾರ ಬೋಸ್ಮನ್ ಅವರ ಪ್ರಕರಣದಲ್ಲಿ ಯುರೋಪಿಯನ್ ನ್ಯಾಯಾಲಯ 1995ರಲ್ಲಿ ಕೊಟ್ಟ ತೀರ್ಪಿನ ನಂತರ, ಒಪ್ಪಂದದ ಅವಧಿ ಮುಗಿದ ಆಟಗಾರ ವರ್ಗಾವಣೆ ಶುಲ್ಕವಿಲ್ಲದೆಯೇ ಯುರೋಪಿಯನ್ ಒಕ್ಕೂಟದ ಮತ್ತೊಂದು ದೇಶದ ಕ್ಲಬ್ಬಿಗೆ ಹೋಗುವಂತಾಯಿತು. ಅಂದಿನಿಂದ ಒಪ್ಪಂದದಲ್ಲಿ ಎಷ್ಟು ಅವಧಿ ಉಳಿದಿದೆ ಎಂಬುದೇ ಕ್ಲಬ್ಬುಗಳ ಲೆಕ್ಕಾಚಾರದಲ್ಲಿ ಮುಖ್ಯವಾಯಿತು.

ಉತ್ತರ 3 (ಬೋಧಕರು)

ಪದವಿಯ ಪ್ರಶ್ನೆಯನ್ನು ಇಬ್ಬರೂ ಮುಟ್ಟಲಿಲ್ಲ. ಅಮೆರಿಕದ ಓಹಾಯೊ ವಿಶ್ವವಿದ್ಯಾಲಯ 1966ರಲ್ಲಿಯೇ ಈ ವಿಷಯದಲ್ಲಿ ಸ್ನಾತಕೋತ್ತರ ತರಗತಿ ಆರಂಭಿಸಿತು. ಅಂದರೆ ಇದು ನಿನ್ನೆ ಮೊನ್ನೆ ಹುಟ್ಟಿದ ಶಾಸ್ತ್ರವಲ್ಲ. ಪದವಿ ಅನಿವಾರ್ಯವಲ್ಲ, ಆದರೆ ಒಳ್ಳೆಯ ಕೋರ್ಸು ಕಡ್ಡಾಯ ಇಂಟರ್ನ್‌ಶಿಪ್ಪನ್ನೂ ಹಳೆಯ ವಿದ್ಯಾರ್ಥಿಗಳ ಸಂಪರ್ಕವನ್ನೂ ಕೊಡುತ್ತದೆ. ಶುಲ್ಕ ಕಟ್ಟುವ ಮುನ್ನ ಹಿಂದಿನ ವರ್ಷಗಳಲ್ಲಿ ಓದಿ ಮುಗಿಸಿದವರು ಈಗ ಎಲ್ಲಿ, ಯಾವ ಹುದ್ದೆಯಲ್ಲಿದ್ದಾರೆಂದು ಕೇಳಿ. ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಗೆ ಸೇರಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಕಾಲೇಜಿನಲ್ಲಿ ಅಂತರ ಕಾಲೇಜು ಪಂದ್ಯಾವಳಿ ನಡೆಯಲಿದೆ. ಗೇಟಿನ ಕೆಲಸದೊಂದಿಗೆ ಲೆಕ್ಕಪತ್ರವನ್ನೂ ಕಲಿಯಲು ಎಲ್ಲಿಂದ ಆರಂಭಿಸಲಿ?

ಉತ್ತರ 2

ಕಳೆದ ವರ್ಷದ ಅಂದಾಜು ವೆಚ್ಚದ ಪಟ್ಟಿಯನ್ನೂ ನಿಜವಾಗಿ ಖರ್ಚಾದ ಪಟ್ಟಿಯನ್ನೂ ಕೇಳಿ ಪಡೆದು ಅಕ್ಕಪಕ್ಕದಲ್ಲಿಟ್ಟುಕೊಳ್ಳಿ. ಎರಡರ ನಡುವೆ ದೊಡ್ಡ ಅಂತರವಿರುವ ಪ್ರತಿ ಬಾಬತ್ತಿನ ಬಗ್ಗೆ, ಆ ಹಣಕ್ಕೆ ಸಹಿ ಹಾಕಿದವರನ್ನೇ ಹುಡುಕಿ ಕಾರಣ ಕೇಳಿ. ಸಾಮಾನ್ಯವಾಗಿ ಸಾಗಣೆ, ವಿದ್ಯುತ್ ಮತ್ತು ಕೊನೆಯ ಗಳಿಗೆಯ ಬಾಡಿಗೆಗಳಲ್ಲಿಯೇ ಲೆಕ್ಕ ತಪ್ಪಿರುತ್ತದೆ.