ಆರ್ಡನ್ ಹೆಡ್ ಕೂರಿಸಿದ ಮೇಲೂ ಅದು ಫ್ಲಾಟ್‌ಹೆಡ್ಡೇನಾ?

ಗ್ಯಾರೇಜ್ ಗಿರಿ:
ಅಮೆರಿಕದ ಹಳೇ ಹಾಟ್ ರಾಡ್ (ವೇಗಕ್ಕೆಂದು ತಿದ್ದಿದ ಹಳೇ ಕಾರು) ರೇಸ್‌ಗಳ ವಿಡಿಯೋ ಒಂದನ್ನೂ ಬಿಡದೆ ನೋಡುತ್ತೇನೆ. ಆದರೆ ಒಂದು ವಿಷಯ ನನಗೆ ಒಪ್ಪಿಗೆಯಾಗುತ್ತಿಲ್ಲ. ಫೋರ್ಡ್ 1932ರಲ್ಲಿ ತಂದ ಎಂಟು ಸಿಲಿಂಡರ್‌ನ ವಿ8 ಇಂಜಿನ್‌ನಲ್ಲಿ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳು ಬ್ಲಾಕ್ (ಇಂಜಿನ್ನಿನ ಮೈ) ಒಳಗೇ, ಸಿಲಿಂಡರ್ ಪಕ್ಕದಲ್ಲೇ ಇರುತ್ತವೆ. ಮೇಲಿನ ಹೆಡ್ ಬರೀ ಚಪ್ಪಟೆ ಮುಚ್ಚಳ, ಫ್ಲಾಟ್‌ಹೆಡ್ ಅನ್ನುವ ಹೆಸರು ಬಂದಿದ್ದೇ ಅದರಿಂದ. ಅದನ್ನು ತೆಗೆದು ಆರ್ಡನ್ ಅನ್ನುವ ಬೇರೆ ಹೆಡ್ ಕೂರಿಸಿದರೆ ವಾಲ್ವ್‌ಗಳೆಲ್ಲ ಮೇಲಕ್ಕೆ ಹೋಗುತ್ತವೆ. ಇನ್ನು ಅದೆಲ್ಲಿಯ ಫ್ಲಾಟ್‌ಹೆಡ್? ಮಾಮೂಲಿ ಫ್ಲಾಟ್‌ಹೆಡ್ ಜೊತೆ ಅದನ್ನು ಓಡಿಸುವುದು ಅನ್ಯಾಯ.

ಹಳೇ ಫೋರ್ಡ್:
ಗಿರಿ ಅವರೇ, ಅಮೆರಿಕದಲ್ಲಿ ವೇಗದ ದಾಖಲೆಗೆ ಓಡಿಸುವ ಬಾನೆವಿಲ್ ಉಪ್ಪಿನ ಬಯಲಲ್ಲಿ ಎರಡನ್ನೂ ಒಂದೇ ಕ್ಲಾಸಿನಲ್ಲಿ ಬಿಡುವುದಿಲ್ಲ. ಬರೀ ಫ್ಲಾಟ್‌ಹೆಡ್‌ಗೆ ಎಕ್ಸ್‌ಎಫ್, ಇಂಥ ಹೆಡ್ ಹಾಕಿದ್ದಕ್ಕೆ ಎಕ್ಸ್‌ಎಕ್ಸ್‌ಎಫ್. ಇನ್ನು ಈ ಹೆಡ್ ಹುಟ್ಟಿದ್ದು ರೇಸಿಗಲ್ಲ, ಲಾರಿಗೆ! ಫೋರ್ಡ್ ವಿ8ನಲ್ಲಿ ಬಿಸಿ ಹೊಗೆ ಬ್ಲಾಕ್ ಒಳಗಿಂದಲೇ ಸುತ್ತಿ ಹೊರಗೆ ಹೋಗಬೇಕು, ಅದೂ ಒಂದೊಂದು ಬದಿಯಲ್ಲಿ ನಾಲ್ಕು ಸಿಲಿಂಡರ್‌ಗೆ ಮೂರೇ ದಾರಿ, ನಡುವಿನ ಎರಡಕ್ಕೂ ಸೇರಿ ಒಂದು. ಭಾರ ಎಳೆಯುವಾಗ ನೀರು ಕುದಿಯದೆ ಇನ್ನೇನಾಗುತ್ತೆ? ಝೋರಾ ಆರ್ಕಸ್-ಡಂಟಾವ್ ಅನ್ನುವ ಇಂಜಿನಿಯರ್ ಮತ್ತು ಅವರ ತಮ್ಮ ಯೂರಾ ನ್ಯೂಯಾರ್ಕಿನಲ್ಲಿ 1947ರ ಹೊತ್ತಿಗೆ ಇದನ್ನು ತಪ್ಪಿಸಲು ಅಲ್ಯೂಮಿನಿಯಂ ಹೆಡ್ ಮಾಡಿದರು. ತಮ್ಮ ಮನೆತನದ ಹೆಸರಿನ ತುಂಡುಗಳನ್ನೇ ಜೋಡಿಸಿ ಆರ್ಡನ್ ಅಂದರು. ಮುಂದೆ ಜನರಲ್ ಮೋಟರ್ಸ್‌ಗೆ ಸೇರಿ ಕಾರ್ವೆಟ್ ಅನ್ನು ನಿಜವಾದ ಸ್ಪೋರ್ಟ್ಸ್ ಕಾರು ಮಾಡಿದ್ದೂ ಇದೇ ಝೋರಾ.

ಕುಂದಾಪುರ ಮೆಕ್ಯಾನಿಕ್:
ವಾಲ್ವ್ ತೆರೆಸುವ ಕ್ಯಾಮ್ ಬ್ಲಾಕ್‌ನಲ್ಲಿ ಇದ್ದಲ್ಲೇ ಇರುತ್ತೆ ಮಾರಾಯ್ರೆ. ಹಳೇ ವಾಲ್ವ್ ಇದ್ದ ಕಡೆ ಪುಶ್‌ರಾಡ್ ಅನ್ನುವ ಕಡ್ಡಿ ಬರುತ್ತೆ, ಅದು ಮೇಲಿನ ರಾಕರ್ ತಳ್ಳುತ್ತೆ, ರಾಕರ್ ವಾಲ್ವ್ ತೆರೆಯುತ್ತೆ, ಅಷ್ಟೆ. ಬ್ಲಾಕ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎಲ್ಲ ಫೋರ್ಡಿನದೇ ಅಂದಮೇಲೆ ಅದು ಫೋರ್ಡೇ. ನನ್ನ ಲೆಕ್ಕದಲ್ಲಿ ಇಂಜಿನ್ ಅಂದರೆ ಬ್ಲಾಕು.

ಗ್ಯಾರೇಜ್ ಗಿರಿ:
ಕ್ಲಾಸ್ ಬೇರೆ ಅಂತ ಗೊತ್ತಿರಲಿಲ್ಲ, ಆ ಮಾತು ವಾಪಸ್ ತಗೊಂಡೆ. ಆದರೆ ಆ ಕ್ರ್ಯಾಂಕಿಗೆ ಇರುವುದು ಅದನ್ನು ಹಿಡಿದಿಡುವ ಮೇನ್ ಬೇರಿಂಗ್ ಮೂರೇ ಅಲ್ವಾ? ಹೊಸ ಹೆಡ್‌ನಿಂದ ಇಂಜಿನ್ನಿನ ಉಸಿರಾಟ ಚೆನ್ನಾಗಿದೆ ಅಂತ ಮೇಲಿಂದ ಜಾಸ್ತಿ ಬಲ ಕೊಟ್ಟರೆ ಕೆಳಗಿನದ್ದು ಎಷ್ಟು ದಿನ ತಡೆಯುತ್ತೆ? ಮೂಲ ಆರ್ಡನ್ ಹೆಡ್ ಸಿಗುವುದೇ ಅಪರೂಪ. ರೇಸಿನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಒಂದು ರಾಡ್ ಮುರಿದು ಬ್ಲಾಕ್ ಸೀಳಿದರೆ ಅದರ ಜೊತೆ ಹೆಡ್ಡೂ ಹೋಗಬಹುದು.

ಮೊಹಾವಿ ಕನ್ನಡಿಗ:
ನಾನಿರುವುದು ಲಾಸ್ ಏಂಜಲೀಸ್ ಕಡೆ. ರೇಸ್ ನಡೆಯುವ ಎಲ್ ಮಿರಾಜ್ ಬತ್ತಿದ ಕೆರೆಗೆ ಗೆಳೆಯನ ಗಾಡಿಯ ಜೊತೆ ಸಹಾಯಕ್ಕೆ ಹೋಗುತ್ತೇನೆ. ಗಿರಿ ಹೇಳುವ ಭಯ ಸುಮ್ನೆ ಹುಟ್ಟಿದ್ದಲ್ಲ. ಒಂದು ಸಲ ಓಟ ಮುಗಿಸಿ ಬಂದ ಗಾಡಿ ಒಂದೇ ಸಿಲಿಂಡರ್‌ನಲ್ಲಿ ತಡವರಿಸುತ್ತಿತ್ತು, ಬಿಚ್ಚಿ ನೋಡಿದರೆ ವಾಲ್ವ್ ಸೀಟ್ (ವಾಲ್ವ್ ಕೂರುವ ಬಳೆ) ಸಡಿಲವಾಗಿ ಅಲ್ಲಾಡುತ್ತಿದೆ, ಇನ್ನೊಂದು ಓಟಕ್ಕೆ ಬಿಟ್ಟಿದ್ದರೆ ಪಿಸ್ಟನ್ ಮೇಲೇ ಬೀಳುತ್ತಿತ್ತು. ಆ ದಿನ ಎಲ್ಲರಿಗೂ ಎದೆ ಧಸಕ್ಕೆಂದಿತು. ಆದರೂ ಓಡಿಸಬೇಕು ಅಂತಲೇ ನಾನು ಹೇಳುತ್ತೇನೆ. ಈಗ ಹೊಸದಾಗಿ ಎರಕ ಹೊಯ್ದ ಆರ್ಡನ್ ಹೆಡ್ ಸಿಗುತ್ತವೆ. ರೇಸಿಗೆ ಅದನ್ನು ಹಾಕಿ, ಹಳೆಯದನ್ನು ಜೋಪಾನ ಮಾಡಿ. ಈ ಹೆಡ್‌ಗೆ ರೇಸಿನ ಜೀವ ಬಂದಿದ್ದೇ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಯ ರೇಸ್ ಇಂಜಿನ್ ಕಟ್ಟುವವರಾದ ಡಾನ್ ಕ್ಲಾರ್ಕ್, ಕ್ಲೆಮ್ ಟೀಬೋ ಕೂತು ತಿದ್ದದಿದ್ದರೆ ಅದು ಲಾರಿ ಸಾಮಾನಾಗಿಯೇ ಉಳಿಯುತ್ತಿತ್ತು.

ಹಳೇ ಫೋರ್ಡ್:
ಹೊಸ ಎರಕ ಸರಿ, ಬ್ಲಾಕ್ ಕಥೆ ಏನು? ಅಮೆರಿಕದಲ್ಲಿ ಕಾರಿಗೆ ಈ ವಿ8 ಹಾಕಿದ್ದು 1953ಕ್ಕೇ ಕೊನೆ. ಬಿರುಕಿಲ್ಲದ ಬ್ಲಾಕ್ ಹುಡುಕುವುದೇ ದೊಡ್ಡ ಕೆಲಸ.

ಮೊಹಾವಿ ಕನ್ನಡಿಗ:
ಅದು ನಿಜ ಸರ್. ಹೋದ ತಿಂಗಳು ಮೂರು ಬ್ಲಾಕ್ ತೊಳೆದು ಪರೀಕ್ಷೆ ಮಾಡಿಸಿದೆವು. ಎರಡರಲ್ಲಿ ವಾಲ್ವ್‌ನಿಂದ ಸಿಲಿಂಡರ್‌ವರೆಗೆ ಬಿರುಕು. ಮೂರನೆಯದು ಬೋರಿಂಗ್‌ಗೆ (ಸಿಲಿಂಡರ್ ಕೊರೆದು ನೇರ ಮಾಡಿಸಲು) ಹೋಗಿದೆ.

ಗ್ಯಾರೇಜ್ ಗಿರಿ:
ಅದು ವಾಪಸ್ ಬಂದ ಮೇಲೆ ಫೋಟೋ ಹಾಕಿ. ಆರ್ಡನ್ ಹೆಡ್ಡೇ ಕೂರಿಸಿದರೂ ಪರವಾಗಿಲ್ಲ.