786 ನೋಟಿಗೆ ನಿಜಕ್ಕೂ ಲಕ್ಷ ಕೊಡುತ್ತಾರಾ?

ಗಲ್ಲಾ ಅಕ್ಕ, ಮಲ್ಲೇಶ್ವರ:
ನಮ್ಮದು ಕಾಂಡಿಮೆಂಟ್ಸ್ ಅಂಗಡಿ. ಈಗೆಲ್ಲ ಸ್ಕ್ಯಾನ್ ಮಾಡಿ ಹೋಗುವವರೇ ಜಾಸ್ತಿ, ಗಲ್ಲಾಕ್ಕೆ ನೋಟು ಬರುವುದೇ ಕಮ್ಮಿ. ಬಂದ ನೋಟಿನ ನಂಬರ್ ನೋಡುವುದು ನನಗೊಂದು ಚಟ. ಕೋಡುಬಳೆ ತೂಗುವಾಗಲೂ ಒಂದು ಕಣ್ಣು ಅಲ್ಲೇ. ಡಬ್ಬಿಯಲ್ಲಿ ಈಗ, ಮುಸ್ಲಿಮರಲ್ಲಿ ಹಲವರು ಶುಭ ಅಂತ ನಂಬುವ 786ರಲ್ಲಿ ಮುಗಿಯುವ ಹತ್ತರ ನೋಟುಗಳು ಒಂದಷ್ಟಿವೆ. 345543 ಇರುವ ಐವತ್ತರದು ಒಂದು, ನಂಬರಿನ ನಡುವೆ ನಕ್ಷತ್ರ ಇರುವ ಇಪ್ಪತ್ತರದು ಒಂದು. ಆಮೇಲೆ 140109 ಇರುವ ನೂರರ ನೋಟು. ಮಗಳು 14-01-09, ಸಂಕ್ರಾಂತಿ ದಿನ ಹುಟ್ಟಿದ್ದು.

786ರ ಫೋಟೋ ಹಾಕಿದ್ದೇ ತಡ, ಒಬ್ಬ ಫೋನ್ ಮಾಡಿದ. ಮೂರು ಲಕ್ಷ ಕೊಡುತ್ತಾನಂತೆ. ಮೊದಲು ನೋಂದಣಿಗೆ 2,100 ರೂಪಾಯಿ ಕಳಿಸಬೇಕಂತೆ, ರಿಸರ್ವ್ ಬ್ಯಾಂಕ್ ಪತ್ರವೂ ಇದೆಯಂತೆ. ನಾನು ಕಳಿಸಿಲ್ಲ. ಆದರೂ ಕೇಳುತ್ತೇನೆ, ಇವಕ್ಕೆ ನಿಜವಾಗಿ ಏನಾದರೂ ಬೆಲೆ ಇದೆಯಾ? ಇಟ್ಟುಕೊಳ್ಳಲಾ, ಚಿಲ್ಲರೆಗೆ ಬಿಡಲಾ?

ಚಿಕ್ಕಪೇಟೆ ಹುಡುಗ:
ಅಕ್ಕ, ಮೊದಲು ಆ ನಂಬರ್ ಬ್ಲಾಕ್ ಮಾಡಿ. ಮೂರು ಲಕ್ಷ ಕೊಡುವವನು ಅದರಲ್ಲೇ 2,100 ಹಿಡಿದುಕೊಳ್ಳಲಿ! ಹಳೇ ನೋಟು, ನಾಣ್ಯದ ಹೆಸರಲ್ಲಿ ಫೀಸು ಕೇಳುವವರಿಗೂ ನಮಗೂ ಸಂಬಂಧ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ.

ಹಳೇ ಕ್ಯಾಷಿಯರ್, ಜಯನಗರ:
ಕೌಂಟರ್ ಹಿಂದೆ ನೋಟು ಎಣಿಸುತ್ತಲೇ ತಲೆ ನರೆತವನು ನಾನು. ಲೆಕ್ಕ ಹೇಳುತ್ತೇನೆ ಕೇಳಿ ಅಮ್ಮ. ನಂಬರಿನ ಶುರುವಿಗೆ ಅಂಕಿ, ಅಕ್ಷರ ಸೇರಿದ ಪ್ರಿಫಿಕ್ಸ್ ಇರುತ್ತದೆ, ಅದಾದ ಮೇಲೆ ಆರು ಅಂಕಿ. ಅಂದರೆ ಒಂದು ಪ್ರಿಫಿಕ್ಸಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ನೋಟು. ಅದರಲ್ಲಿ ಕೊನೆಗೆ 786 ಬರುವುದು ಸಾವಿರ ಸಲ. ಹಾಗೆ ಎಷ್ಟು ಪ್ರಿಫಿಕ್ಸ್, ಎಷ್ಟು ವರ್ಷ! ಅದಕ್ಕೆ ಲಕ್ಷ ಯಾರು ಕೊಡುತ್ತಾರೆ? ನಂಬಿಕೆ ಇರುವವರು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ, ಅದು ಬೇರೆ ವಿಷಯ. 786786 ಸಿಕ್ಕರೆ ಹೇಳಿ, ಅದು ಪ್ರಿಫಿಕ್ಸಿಗೆ ಒಂದೇ. 111111ರಿಂದ 999999ರವರೆಗೆ ಎಲ್ಲ ಅಂಕಿ ಒಂದೇ ಇರುವವು ಬರೀ ಒಂಬತ್ತು. ಇಂಥವಕ್ಕೆ ಸಂಗ್ರಹಕಾರರು ನಿಜವಾಗಿ ದುಡ್ಡು ಬಿಚ್ಚುತ್ತಾರೆ. ನಿಮ್ಮ 345543 ನೋಡಲು ಚೆಂದ, ಆದರೆ ಹಿಂದೆ ಮುಂದೆ ಒಂದೇ ಓದುವಂಥವೂ ಒಂದು ಕಮ್ಮಿ ಸಾವಿರ ಇರುತ್ತವೆ.

ನಕ್ಷತ್ರದ್ದು ಬೇರೆ ಕತೆ. ಮೊದಲು ಪ್ರೆಸ್ಸಿನಲ್ಲಿ ಒಂದು ನೋಟು ಕೆಟ್ಟರೆ ಅದೇ ನಂಬರಿನದನ್ನು ಮತ್ತೆ ಅಚ್ಚು ಹಾಕಿ ಕಟ್ಟಿಗೆ ಸೇರಿಸಬೇಕಿತ್ತು. ಆ ತಲೆನೋವು ತಪ್ಪಿಸಲು 2006ರಲ್ಲಿ 10, 20, 50ರ ನೋಟಿಗೆ ಸ್ಟಾರ್ ತಂದರು. ಕೆಟ್ಟದ್ದರ ಜಾಗಕ್ಕೆ ಸ್ಟಾರ್ ಇರುವುದು ಹೋಗುತ್ತದೆ. ಖೋಟಾ ಅಂತ ಹೆದರಿ ವಾಪಸ್ ಕೊಡುವ ಗಿರಾಕಿಗಳನ್ನು ಎಷ್ಟೋ ನೋಡಿದ್ದೇನೆ. ಅದು ಅಸಲಿ ನೋಟೇ. ಗರಿಗರಿಯಾಗಿದ್ದರೆ ಇಟ್ಟುಕೊಳ್ಳಿ. ಮಡಚಿ, ಎಣ್ಣೆ ಕೈ ತಾಗಿದ್ದರೆ ಸಂಗ್ರಹಕಾರರು ಮೂಸಿಯೂ ನೋಡುವುದಿಲ್ಲ. ಕಾಂಡಿಮೆಂಟ್ಸ್ ಅಂಗಡಿ ಅಂದಿರಿ, ಅದಕ್ಕೇ ಹೇಳಿದೆ.

ಒಳ್ಳೇ ನಂಬರ್ ಬೇಕಿದ್ದರೆ ವರಮಹಾಲಕ್ಷ್ಮಿ ಹಬ್ಬದ ಮಾರನೇ ವಾರ ಗಲ್ಲಾ ಚೆನ್ನಾಗಿ ನೋಡಿ. ದೇವಿ ಮುಂದೆ ಇಟ್ಟ ಹೊಸ ಕಟ್ಟುಗಳು ಆಗ ಬಿಚ್ಚಿಕೊಳ್ಳುತ್ತವೆ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಇಸ್ತ್ರಿಯೂ ಬೇಡ.

ಗಲ್ಲಾ ಅಕ್ಕ, ಮಲ್ಲೇಶ್ವರ:
ತುಂಬಾ ಥ್ಯಾಂಕ್ಸ್ ಸರ್. ಇಪ್ಪತ್ತರದು ಮಡಚಿಲ್ಲ, ಎಣ್ಣೆಗೆ ಮಾತ್ರ ಗ್ಯಾರಂಟಿ ಇಲ್ಲ! ಮಗಳ ನೂರು ಯಾರು ಕೇಳಿದರೂ ಕೊಡಲ್ಲ. ಇನ್ನೊಂದು ಡೌಟು. ಪಕ್ಕದ ಅಂಗಡಿಯವರ ಹತ್ತಿರ ಐನೂರರ ನೋಟಿದೆ. ನಂಬರಿನ ಅಂಕಿ ಹೋಗ್ತಾ ಹೋಗ್ತಾ ದೊಡ್ಡದಾಗಿದೆ. ಪ್ರಿಂಟ್ ತಪ್ಪು, ಲಾಟರಿ ಹೊಡೆಯಿತು ಅಂತ ಕುಣಿಯುತ್ತಿದ್ದಾರೆ.

ಹಳೇ ಕ್ಯಾಷಿಯರ್, ಜಯನಗರ:
ನಿಮ್ಮ ಗಲ್ಲಾದಲ್ಲಿರುವ ಐನೂರನ್ನೂ ತೆಗೆದು ನೋಡಿ ಅಮ್ಮ, ಅದೂ ಹಾಗೇ ಇರುತ್ತದೆ. ಖೋಟಾ ಹಿಡಿಯಲು ಸುಲಭ ಆಗಲಿ ಅಂತ 2015ರಿಂದ ಬೇಕೆಂದೇ ಹಾಗೆ ಅಚ್ಚು ಹಾಕುತ್ತಿದ್ದಾರೆ.

ಚಿಕ್ಕಪೇಟೆ ಹುಡುಗ:
ಅವರಿಗೆ ಈಗಲೇ ಹೇಳಬೇಡಿ ಅಕ್ಕ, ಮೊದಲು ಪಾರ್ಟಿ ಕೊಡಿಸಲಿ.